ಅಣ್ಣನ ಹೆಸರಿನ ಹಕ್ಕಿ

ಮ್ಯೂಸಿಯಮ್ಮಿನ ಹಕ್ಕಿ ವಿಭಾಗದಲ್ಲಿ ಆಕೆಗೆ ಕಿವಿಯಕ್ಕ ಎಂದೇ ಹೆಸರು. ಕ್ಯಾಂಟೀನಿನ ಗದ್ದಲದಲ್ಲೂ ಕಿಟಕಿಯಾಚೆ ಕೂಗಿದ್ದು ಯಾವ ಹಕ್ಕಿ ಎಂದು ಹೇಳಬಲ್ಲವಳು. ಮೀಟಿಂಗಿಗೆ ನಿರ್ದೇಶಕರು ಕರೆದರೆ ಮಾತ್ರ ಕೇಳಿಸುತ್ತಿರಲಿಲ್ಲ. ಆ ಕಿವುಡು ಬೇಕೆಂದೇ ತಂದುಕೊಂಡದ್ದೆಂದು ಎಲ್ಲರಿಗೂ ಗೊತ್ತಿತ್ತು.

ಅವಳ ಬದುಕಿನ ದೊಡ್ಡ ಕೆಲಸವೆಲ್ಲ ಅಂಗೈಯಲ್ಲಿ ಹಿಡಿಸುವ ಒಂದು ಬೂದುಬಣ್ಣದ ಹಕ್ಕಿಯದು. ಬೆಟ್ಟದ ಮೇಲಿನದೂ ಕಣಿವೆಯದೂ ನೋಡಲು ಅಚ್ಚೊತ್ತಿದ ಹಾಗೆ ಒಂದೇ. ಎರಡೂ ಒಂದೇ ಪ್ರಭೇದವೋ ಬೇರೆ ಬೇರೆಯೋ ಎಂಬುದೇ ಪ್ರಶ್ನೆ. ಕೊಕ್ಕು, ರೆಕ್ಕೆ ಅಳೆದರೂ ವ್ಯತ್ಯಾಸವಿಲ್ಲ. ರಕ್ತ ಪರೀಕ್ಷಿಸಿದವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಉತ್ತರ ಕೊಟ್ಟರು. ಉಳಿದದ್ದು ಹಾಡು. ಬೆಟ್ಟದ ಹಾಡನ್ನು ಕಣಿವೆಯ ಗಂಡುಹಕ್ಕಿಗೆ ಕೇಳಿಸಬೇಕು. ತನ್ನ ಜಾತಿಯವನೇ ಎನಿಸಿದರೆ, ನನ್ನ ಜಾಗಕ್ಕೆ ಬಂದವನು ಯಾವನೋ ಎಂದು ಅದು ಜಗಳಕ್ಕೆ ಬರುತ್ತದೆ. ಪರಕೀಯ ಎನಿಸಿದರೆ ತನ್ನ ಪಾಡಿಗೆ ಹುಳ ಹೆಕ್ಕುತ್ತಿರುತ್ತದೆ. ಜಗಳ ಹತ್ತಿರದವರ ಜೊತೆಗೇ, ನಮ್ಮ ಮನೆಗಳಲ್ಲೂ ಹಾಗೇ ತಾನೆ?

ಬೆಟ್ಟದ ಹಾಡನ್ನು ರೆಕಾರ್ಡ್ ಮಾಡಿ ತಂದವನು ಅದೇ ವಿಭಾಗದಲ್ಲಿದ್ದ ಅವಳ ಅಣ್ಣ. ತಂದ ಕೆಲವೇ ವಾರಗಳಲ್ಲಿ ಜ್ವರ ಹಿಡಿದು ತೀರಿಕೊಂಡ. ಇನ್ನೊಂದು ಹಾಡಿಗಾಗಿ ಆ ಬೆಟ್ಟ ಹತ್ತಲು ಕಿವಿಯಕ್ಕನಿಗೆ ಮನಸ್ಸೇ ಬರಲಿಲ್ಲ. ಪ್ರತಿ ಪರೀಕ್ಷೆಗೂ ಅಣ್ಣನ ಆ ಒಂದೇ ಹಾಡನ್ನು ಬಳಸಿದಳು. ಕಣಿವೆಯ ಹಕ್ಕಿಗಳು ಕ್ಯಾರೇ ಅನ್ನಲಿಲ್ಲ. ಎರಡೂ ಬೇರೆ ಬೇರೆ ಪ್ರಭೇದ ಎಂದು ತೀರ್ಮಾನವಾಯಿತು. ಬೆಟ್ಟದ್ದಕ್ಕೆ ಅವಳು ಅಣ್ಣನ ಹೆಸರಿಟ್ಟಳು. ಅತ್ತಿಗೆ ಅದರ ಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಿವೃತ್ತಿ ಹತ್ತಿರ ಬಂದಾಗ, ಇನ್ನೊಮ್ಮೆ ನೋಡಿಯೇ ಬಿಡೋಣವೆಂದು ಕಿವಿಯಕ್ಕ ಬೆಟ್ಟ ಹತ್ತಿ ಹಲವು ಹಕ್ಕಿಗಳ ಹಾಡು ತಂದಳು. ಕಣಿವೆಯ ಪೊದೆಯಲ್ಲಿ ಸ್ಪೀಕರ್ ಇಟ್ಟು ಹಾಕಿದ್ದೇ ತಡ, ಗಂಡುಹಕ್ಕಿ ಪುಕ್ಕ ಕೆದರಿಕೊಂಡು ಬಂದು ಸ್ಪೀಕರನ್ನೇ ಕುಕ್ಕಿತು. ಮುಂದಿನ ಪೊದೆಯಲ್ಲೂ ಅದೇ ಕಥೆ. ಅಣ್ಣನ ಹಾಡು ಹಾಕಿದಳು; ಹಕ್ಕಿ ಹುಳ ಹೆಕ್ಕಲು ಹೊರಟುಹೋಯಿತು. ಹೊಸ ಹಾಡುಗಳ ಪಕ್ಕದಲ್ಲಿಟ್ಟು ಕೇಳಿದರೆ ಸ್ಪಷ್ಟವಾಗಿತ್ತು: ಅಣ್ಣನಿಗೆ ಸಿಕ್ಕಿದ್ದು ಇನ್ನೂ ಹಾಡಲು ಕಲಿಯುತ್ತಿದ್ದ ಎಳೆಯ ಹಕ್ಕಿಯ ತೊದಲು. ತೊದಲುವ ಮಗುವಿನ ಮೇಲೆ ಯಾವ ಗಂಡಸು ತೋಳೇರಿಸಿಕೊಂಡು ಹೋಗುತ್ತಾನೆ? ಲೋಕದ ಹಕ್ಕಿಗಳನ್ನೆಲ್ಲ ಗುರುತಿಸುವ ಕಿವಿ, ಪಾಪ, ಅಣ್ಣನ ವಿಷಯದಲ್ಲಿ ಮುಚ್ಚಿಕೊಂಡಿತ್ತು.

ಎರಡೂ ಒಂದೇ ಎಂದಾದರೆ ಕಣಿವೆಯ ಹಕ್ಕಿಯ ಹಳೆಯ ಹೆಸರೇ ಎರಡಕ್ಕೂ ನಿಲ್ಲುತ್ತದೆ, ಅಣ್ಣನದು ಹೋಗುತ್ತದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗದು. ಏನು ಮಾಡಲೂ ತೋಚದೆ ಅವಳು ಸೀದಾ ಅತ್ತಿಗೆಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಅವ್ರು ಹೋದ್ಮೇಲೆ ನಂಗೆ ಉಳಿದಿದ್ದು ಅದೊಂದೇ ಕಣೆ," ಎಂದಳು ಅತ್ತಿಗೆ. "ಅದನ್ನೂ ಕಿತ್ಕೊಳ್ಳೋಕೆ ಬಂದ್ಯಾ?"

"ನೀವು ಬೇಡ ಅಂದ್ರೆ ನಾನು ಬಾಯಿ ಬಿಡಲ್ಲ ಅತ್ಗೆ. ಮುಂದೆ ಬರೋರು ಯಾರಾದ್ರೂ ನೋಡ್ಕೊಳ್ಲಿ."

ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡಳು.

"ಯಾರೋ ಯಾಕೆ ನೋಡ್ಬೇಕು? ಅವ್ರ ಮುಖಾನೇ ಕಾಣದವ್ರು ನಗ್ತಾ ನಗ್ತಾ ಅಳಿಸ್ತಾರೆ. ಬೇಡ. ಇಟ್ಟೋಳು ನೀನು, ನೀನೇ ತೆಗಿ."

ಕಿವಿಯಕ್ಕ ಅವಳ ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಮಾರನೆಯ ದಿನ ವಿಭಾಗದ ತನ್ನ ಮೇಜಿನ ಮುಂದೆ ಕೂತು ಹಕ್ಕಿಗಳ ಪಟ್ಟಿಯಲ್ಲಿದ್ದ ಅಣ್ಣನ ಹೆಸರನ್ನು ತಾನೇ ಹೊಡೆದುಹಾಕಿದಳು. ಹಾಡು ತಂದವನದಲ್ಲ ತಪ್ಪು, ಅದೊಂದನ್ನೇ ಹಿಡಿದುಕೊಂಡು ಕೂತ ತಂಗಿಯದು ಎಂದು ಕೆಳಗೆ ಬರೆದಳು.