ಅಕ್ಕನ ಧ್ವನಿ ಮತ್ತು ಮುಂದಿನ ಹತ್ತು ವರ್ಷ

ಭವಿಷ್ಯ ಹೇಳುವವರಲ್ಲಿ ಎರಡು ಬಗೆ. ಗಿಳಿ ಇಟ್ಟುಕೊಂಡವರು ಒಂದು, ಇಂಜಿನಿಯರಿಂಗ್ ಓದಿದವರು ಇನ್ನೊಂದು. ಮರುದಮಲೆ ದೇವಸ್ಥಾನದ ಮೆಟ್ಟಿಲ ಬಳಿ ಕೂರುವ ಗಿಳಿಯವನ ಮಾತು ಸುಳ್ಳಾದರೆ ತಪ್ಪನ್ನು ಗಿಳಿಯ ಮೇಲೆ ಹೊರಿಸಬಹುದು. ನನಗೆ ಆ ಅನುಕೂಲವಿಲ್ಲ. ಆದರೂ ಭವಿಷ್ಯ ಹೇಳುವ ಚಟ ಮಾತ್ರ ನನಗೆ ಹರೆಯದಿಂದ ಅಂಟಿಕೊಂಡು ಬಂದಿದೆ.

ಕೊಯಮತ್ತೂರಿನ ನಮ್ಮ ಬಡಾವಣೆಯಲ್ಲಿ ಬೆಳಗಿನ ಹೊತ್ತು ವಾಕಿಂಗ್ ಹೋಗುವ ನಿವೃತ್ತರ ಗುಂಪೊಂದಿದೆ. ಪೊಂಗಲ್ ಮುಗಿದ ಭಾನುವಾರ ಅವರಲ್ಲಿ ಒಬ್ಬರು ಭಾಷಣ ಮಾಡುವುದು, ಉಳಿದವರು ಬಿಸಿ ಬೋಂಡಾಕ್ಕಾಗಿ ಕಾಯುತ್ತ ಅದನ್ನು ಸಹಿಸುವುದು ಪದ್ಧತಿ. ಈ ಸಲದ ಸರದಿ ನನ್ನದು. ವಿಷಯವನ್ನೂ ಅವರೇ ಗೊತ್ತು ಮಾಡಿದ್ದರು: ಮುಂದಿನ ಹತ್ತು ವರ್ಷಗಳಲ್ಲಿ ದಿನದ ಬದುಕನ್ನು ಬದಲಿಸುವ ತಂತ್ರಜ್ಞಾನಗಳು. ನಾನು ಜೀವಮಾನವಿಡೀ ಬಾವಿಯ ನೀರೆತ್ತುವ ಮೋಟಾರುಗಳ ನಕ್ಷೆ ಬರೆದವನು. ಬಾವಿಯೊಳಗೆ ಇಣುಕಿದವನಿಗೆ ನಾಳೆಯೊಳಗೂ ಇಣುಕಲು ಬರುತ್ತದೆಂದು ಅವರು ನಂಬಿದ್ದರು. ನಾನೂ ಕೂಡಲೇ ಒಪ್ಪಿಕೊಂಡೆ.

ನನ್ನ ಹಳೆಯ ಭವಿಷ್ಯವಾಣಿಗಳ ಗತಿ ಅವರಿಗೆ ಗೊತ್ತಿರಲಿಲ್ಲ. ನಮ್ಮ ಬೀದಿಗೆ ಮೊದಲ ಗ್ರೈಂಡರ್ ಬಂದಾಗ ನಾನು ಡಿಪ್ಲೊಮಾ ಓದುತ್ತಿದ್ದೆ. ಅದರ ಭಾರ, ಅದು ಕುಡಿಯುವ ಕರೆಂಟು, ಅದನ್ನು ತೊಳೆಯುವ ಕಷ್ಟ ಎಲ್ಲವನ್ನೂ ಲೆಕ್ಕ ಹಾಕಿ, ಇದು ಹೋಟೆಲುಗಳನ್ನು ದಾಟಿ ಮನೆಯೊಳಗೆ ಬರುವುದಿಲ್ಲ ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಒರಳುಕಲ್ಲಿನ ಮುಂದೆ ಕೂತು ಕೇಳಿಸಿಕೊಂಡಳು. ನಂತರ ಕೊಯಮತ್ತೂರೇ ನಾಡಿಗೆಲ್ಲ ಗ್ರೈಂಡರ್ ಮಾಡಿ ಕೊಟ್ಟಿತು, ನಮ್ಮ ಒರಳುಕಲ್ಲು ಹಿತ್ತಿಲಲ್ಲಿ ಮಳೆನೀರು ತುಂಬಿಕೊಂಡು ಕಾಗೆಗಳಿಗೆ ಕೊಳವಾಯಿತು. ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಅಮ್ಮನ ತೋಳನ್ನು.

ಅದರಿಂದ ಬುದ್ಧಿ ಬಂತೆ? ಇಲ್ಲ. ಮುಖ ನೋಡಿಕೊಂಡು ಮಾತಾಡುವ ವಿಡಿಯೋ ಕಾಲ್ ಬಂದಾಗ, ಇದು ನಿಲ್ಲುವ ವಸ್ತುವಲ್ಲ ಎಂದೆ. ಸಾಂಬಾರಿಗೆ ಏನು ಹಾಕಿದೆ ಎಂದು ಕೇಳಲು ಮುಖ ಯಾಕೆ ಬೇಕು? ಮಾತಿಗೆ ಕಿವಿ ಸಾಕು. ನನ್ನ ಫೋನಿನಲ್ಲಿ ಆ ಬಗೆಯ ಕರೆ ಬಂದರೆ ಅದನ್ನು ತಿರಸ್ಕರಿಸಿ, ನಾನೇ ತಿರುಗಿ ಸಾದಾ ಕರೆ ಮಾಡುತ್ತಿದ್ದೆ. ಅರ್ಧ ಕ್ಷೌರದಲ್ಲಿದ್ದಾಗ ಹಾಗೆ ಮಾಡುವವರುಂಟು, ನಾನು ಸಿದ್ಧಾಂತಕ್ಕಾಗಿ ಮಾಡುತ್ತಿದ್ದೆ.

ಭಾಷಣಕ್ಕೆ ನಾನು ಸಿದ್ಧವಾಗುತ್ತಿದ್ದ ದಿನಗಳಲ್ಲೇ ಅಕ್ಕನ ಗಂಟಲಿನಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಒಳ್ಳೆಯ ಗಡ್ಡೆಯಲ್ಲ. ಜೀವ ಉಳಿಯುತ್ತದೆ, ಧ್ವನಿಪೆಟ್ಟಿಗೆಯನ್ನು ಮಾತ್ರ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಅಕ್ಕ, ಆಗಲಿ, ಇಷ್ಟು ವರ್ಷ ಮಾತಾಡಿದ್ದೇನಲ್ಲ ಎಂದಳಂತೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಅಪ್ಪ ಅಮ್ಮ ಹೋದ ಮೇಲೆ, ಹೆಂಡತಿಯೂ ಹೋದ ಮೇಲೆ, ನಮ್ಮ ಮನೆಯ ಕನ್ನಡದಲ್ಲಿ ನನ್ನನ್ನು ನೀನು ಎಂದು ಕರೆಯುವ ಧ್ವನಿ ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಅವಳ ಊರು ಸಿರುಮುಗೈಯಿಂದ ಫೋನ್ ಬರುತ್ತಿತ್ತು. ಇನ್ನು ಆ ಫೋನ್ ಬರುವುದಿಲ್ಲ.

ನಮ್ಮ ಮನೆಯ ಕನ್ನಡದ ಬಗ್ಗೆ ನಿಮಗೆ ಹೇಳಬೇಕು. ನಮ್ಮದು ನೇಯ್ಗೆಯ ಕುಲ. ಯಾವ ತಲೆಮಾರಿನಲ್ಲಿ ಘಟ್ಟ ಇಳಿದು ಭವಾನಿ ಹೊಳೆಯ ದಡಕ್ಕೆ ಬಂದೆವೋ ಹೇಳುವವರಿಲ್ಲ. ಶಾಲೆ, ಸಂತೆ, ದೇವಸ್ಥಾನ, ಬ್ಯಾಂಕು ಎಲ್ಲವೂ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ, ಅದರಲ್ಲೂ ಅರ್ಧ ತಮಿಳಿನ ಒಗ್ಗರಣೆ. ಬಾಯಿಗೆ ಕನ್ನಡ, ಕಾಗದಕ್ಕೆ ತಮಿಳು ಎಂಬುದು ನಮ್ಮಲ್ಲಿ ಯಾರೂ ಬರೆಯದ ಕಟ್ಟಳೆ. ಅಕ್ಕನಿಗೆ ಕನ್ನಡದ ಒಂದಕ್ಷರ ಓದಲು ಬಾರದು. ನಾನು ಕಲಿತದ್ದು ಕಂಪನಿಯವರು ಮೋಟಾರು ಮಾರಲು ದಾವಣಗೆರೆ ಕಡೆಗೆ ಅಟ್ಟಿದಾಗ, ಬಸ್ಸುಗಳ ಬೋರ್ಡು ನೋಡಿ. ಆಮೇಲೆ ಪುಸ್ತಕದ ರುಚಿ ಹತ್ತಿತು. ಹಾಗಾಗಿ ನನ್ನದು ಗಂಜಿ ಹಾಕಿದ ಕನ್ನಡ ಎಂದು ಅಕ್ಕ ಆಡಿಕೊಳ್ಳುತ್ತಾಳೆ. ಹೊಸ ಸೀರೆಯ ಹಾಗೆ ಸೆಟೆದುಕೊಂಡಿರುತ್ತದಂತೆ, ಮೈಗೆ ಕೂರುವುದಿಲ್ಲವಂತೆ.

ಇನ್ನೊಂದು ಸಂಗತಿ. ಒಂದೇ ಕೋಣೆಯಲ್ಲಿ ನಾಲ್ಕು ಮಗ್ಗ ಲಟಪಟ ಎನ್ನುವಾಗ ಮಾತು ಕೇಳಿಸುವುದಿಲ್ಲ. ಕೂಗೋಣವೆಂದರೆ ರೇಷ್ಮೆಯ ಮುಂದೆ ಕಿರುಚಬಾರದು ಎಂದು ಅಮ್ಮ ಗದರುತ್ತಿದ್ದಳು. ಅದಕ್ಕೆ ನಾವು ಸದ್ದು ತೆಗೆಯದೆ ತುಟಿಯಲ್ಲೇ ಮಾತಾಡುತ್ತಿದ್ದೆವು. ಎದುರು ಮಗ್ಗದಲ್ಲಿ ಕುಳಿತವರು ಲಾಳಿಯ ಮೇಲಿನ ಕಣ್ಣನ್ನು ಒಂದು ಗಳಿಗೆ ಎತ್ತಿ ಓದಿಕೊಳ್ಳುತ್ತಿದ್ದರು. ಜಗಲಿಯಲ್ಲಿ ಕೂತ ಸೀರೆಯ ವ್ಯಾಪಾರಿಯ ಹೊಟ್ಟೆ, ಮೀಸೆ, ಜಿಪುಣತನ ಇವುಗಳ ವಿಮರ್ಶೆ ಅವನ ಎದುರಿಗೇ ಹೀಗೆ ನಡೆಯುತ್ತಿತ್ತು. ಅವನೋ, ಒಳ್ಳೆಯ ಮಕ್ಕಳು, ಬಾಯಿ ಬಿಡುವುದಿಲ್ಲ ಎಂದು ಅಪ್ಪನ ಮುಂದೆ ಹೊಗಳುತ್ತಿದ್ದ. ಎಲ್ಲ ಮಗ್ಗದ ಮನೆಗಳಲ್ಲೂ ಇರುವಂಥದ್ದೇ ಇದು, ದೊಡ್ಡ ವಿದ್ಯೆಯೇನಲ್ಲ.

ಅಕ್ಕನ ಮಗಳು ಕವಿತಾ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದರಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ಶಸ್ತ್ರಚಿಕಿತ್ಸೆಯ ಹಿಂದಿನ ವಾರ ಅವಳು ಒಂದು ದಾರಿ ಹುಡುಕಿ ತಂದಳು. ಧ್ವನಿ ಇರುವಾಗಲೇ ಫೋನಿನ ಮುಂದೆ ಒಂದಷ್ಟು ವಾಕ್ಯ ಓದಿದರೆ ಯಂತ್ರ ಆ ಧ್ವನಿಯನ್ನು ಕಲಿತುಕೊಳ್ಳುತ್ತದೆ, ಆಮೇಲೆ ಬೆರಳಿನಲ್ಲಿ ಒತ್ತಿ ಬರೆದದ್ದನ್ನೆಲ್ಲ ಅಮ್ಮನ ಧ್ವನಿಯಲ್ಲೇ ಹೇಳುತ್ತದೆ ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಭಾಷಣಕ್ಕೂ ಒಂದು ಗಟ್ಟಿಯಾದ ಆರಂಭ ಸಿಕ್ಕಿತೆಂದು ಅದೇ ಉಸಿರಿನಲ್ಲಿ ಅನ್ನಿಸಿತು. ಮನುಷ್ಯನ ಮನಸ್ಸು ಎಷ್ಟು ಕೋಣೆಗಳ ಮನೆಯೋ.

ಓದಿಸುವ ದಿನ ಸಿರುಮುಗೈಯ ಮನೆಯಲ್ಲಿ ಮಗ್ಗ ನಿಲ್ಲಿಸಿದರು. ಸದ್ದಿಲ್ಲದ್ದು ಕೇಳಿ ಪಕ್ಕದ ಮನೆಯವರು ಗಾಬರಿಯಿಂದ ಬಂದು ನೋಡಿ ಹೋದರು. ಫ್ಯಾನ್ ಆರಿಸಿದೆವು. ಅಕ್ಕ ತಲೆ ಬಾಚಿ, ಹಣೆಗಿಟ್ಟು, ಕನ್ನಡಕ ಏರಿಸಿ ಕೂತಳು. ಶಾಲೆಯಲ್ಲಿ ಓದಿನಲ್ಲಿ ಮುಂದಿದ್ದವಳು ಅವಳೇ, ಮಗ್ಗಕ್ಕೆ ಕೂರಿಸಲೆಂದು ಬಿಡಿಸಿದ್ದರು. ಪರದೆಯ ಮೇಲೆ ಬಂದ ಒಂದೊಂದು ವಾಕ್ಯವನ್ನೂ ತಡವರಿಸದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದಳು. ಗಡ್ಡೆಯಿಂದ ಧ್ವನಿ ಒಡೆದಿದ್ದರೂ ಅವಳದೇ ಧ್ವನಿ. ಭಾವ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡರು. ಕವಿತಾ ಅತ್ತಳು. ಎಲ್ಲವೂ ಚೆನ್ನಾಗಿ ಆಯಿತೆಂದು ಪಾಯಸದ ಊಟ ಮಾಡಿ ನಾನು ಬಸ್ಸು ಹತ್ತಿದೆ.

ಅಕ್ಕ ಓದಿದ್ದೆಲ್ಲ ತಮಿಳು.

ನಮಗೆ ಯಾರಿಗೂ ಅದು ತಪ್ಪೆಂದು ಹೊಳೆಯಲೇ ಇಲ್ಲ. ಓದುವುದು ಎಂದರೆ ನಮ್ಮಲ್ಲಿ ತಮಿಳೇ, ಬೇರೆ ಯಾವುದನ್ನು ಓದುತ್ತಾರೆ? ಯಂತ್ರ ಯಾವ ಭಾಷೆಯಲ್ಲಿ ಧ್ವನಿ ಕಲಿಯುತ್ತದೋ ಆ ಭಾಷೆಯನ್ನಷ್ಟೇ ಆಡುತ್ತದೆ, ಅದಕ್ಕೆ ಕನ್ನಡವೂ ಬರುತ್ತಿತ್ತು ಎಂದು ಆಮೇಲೆ ತಿಳಿಯಿತು. ನಾನು ಒಂದೊಂದೇ ವಾಕ್ಯ ಓದಿ ಹೇಳಿ ಅಕ್ಕ ಅದನ್ನು ತಿರುಗಿ ಹೇಳಿದ್ದರೆ ಆಗುತ್ತಿತ್ತು. ಆದರೆ ಮೀನಿಗೆ ನೀರಿನ ನೆನಪಾಗುವುದು ದಡಕ್ಕೆ ಬಿದ್ದ ಮೇಲೆ. ಬೇರೆ ಊರಿನ ಕನ್ನಡದವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ, ಅದನ್ನು ನಾವೇ ಮಾಡಬೇಕು.

ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಆಸ್ಪತ್ರೆಯಲ್ಲಿ ಯಂತ್ರ ಬಹಳ ಕೆಲಸಕ್ಕೆ ಬಂತು. ನೀರು ಬೇಕು, ನೋವಿದೆ, ಕಿಟಕಿ ತೆರೆಯಿರಿ ಎಂದು ಅಕ್ಕನ ಧ್ವನಿ ತಮಿಳಿನಲ್ಲಿ ಹೇಳುತ್ತಿದ್ದರೆ ನರ್ಸುಗಳು ಬೆರಗಾಗಿ ಬಂದು ಕೇಳುತ್ತಿದ್ದರು. ಮನೆಗೆ ಬಂದ ಮೊದಲ ಮಧ್ಯಾಹ್ನ ಅಕ್ಕ ಮಂಚದ ಮೇಲೆ ಕೂತು ಬೆರಳಿನಲ್ಲಿ ಒತ್ತಿ, ಊಟವಾಯಿತೇ ಎಂದು ಭಾವನನ್ನು ಕೇಳಿದಳು. ಫೋನು ಸ್ಪಷ್ಟವಾಗಿ ತಮಿಳಿನಲ್ಲಿ ಹೇಳಿತು. ಭಾವ ಎದ್ದು ನಿಂತು, ಯಾರು ಬಂದರೆಂದು ಬಾಗಿಲ ಕಡೆ ನೋಡಿದರು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳ ತಮಿಳನ್ನು ಅವರು ಕೇಳಿದ್ದು ಹೊರಗಿನವರು ಬಂದಾಗ ಮಾತ್ರ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅಕ್ಕ ಫೋನನ್ನು ದಿಂಬಿನ ಕೆಳಗೆ ಇಟ್ಟಳು. ಮನೆಯೊಳಗೆ ಅದನ್ನು ಮತ್ತೆ ಮಾತಾಡಿಸಲಿಲ್ಲ.

ಯಾವ ಭಾಷೆಯಾದರೇನು, ಅರ್ಥವಾದರೆ ಸಾಲದೇ ಎಂದು ನೀವು ಕೇಳಬಹುದು. ನಾನೂ ವೇದಿಕೆಯ ಮೇಲೆ ಹಾಗೇ ಹೇಳುವವನು. ಅಕ್ಕ ಸಂತೆಯಲ್ಲಿ ಚೌಕಾಸಿ ಮಾಡುವುದು ತಮಿಳಿನಲ್ಲಿ, ದೇವರಿಗೆ ಕೈಮುಗಿಯುವುದು ತಮಿಳಿನಲ್ಲಿ, ತಮಿಳು ಅವಳಿಗೆ ಪರಕೀಯವೇನೂ ಅಲ್ಲ. ಆದರೆ ಕನ್ನಡ ಅವಳು ನಾಲ್ಕೈದು ಜನರಿಗಾಗಿ ಇಟ್ಟುಕೊಂಡದ್ದು. ಗಂಡನನ್ನು ಬೈಯಲು, ಮಗಳನ್ನು ಎಬ್ಬಿಸಲು, ತಮ್ಮನನ್ನು ವಿಚಾರಿಸಲು. ಬದುಕು ಬದಲಿಸುವ ಯಂತ್ರಗಳು ಕೋಟಿ ಕೋಟಿ ಜನರನ್ನು ಲೆಕ್ಕ ಹಿಡಿದು ಹುಟ್ಟುತ್ತವೆ. ನಾಲ್ಕೈದು ಜನರ ಮಾತು ಅವುಗಳ ಕಿವಿಗೆ ಬೀಳದಿದ್ದರೆ ಅವುಗಳನ್ನು ದೂರುವ ಹಾಗಿಲ್ಲ. ನಮಗೆ ಮಾತ್ರ ಆ ನಾಲ್ಕೈದು ಜನರೇ ದಿನದ ಬದುಕು. ಕವಿತಾ ಹಳೆಯ ಫೋನುಗಳನ್ನೆಲ್ಲ ಜಾಲಾಡಿದಳು, ಅಮ್ಮನ ಕನ್ನಡ ಎಲ್ಲಾದರೂ ಸಿಕ್ಕೀತೆಂದು. ಅಕ್ಕ ಧ್ವನಿ ಮುದ್ರಿಸಿ ಕಳಿಸುವವಳೇ ಅಲ್ಲ, ನೇರ ಫೋನ್ ಮಾಡಿ ಮಾತಾಡುವವಳು. ಮದುವೆಯ ವಿಡಿಯೋಗಳಲ್ಲಿ ನಾದಸ್ವರದ ಹಿಂದೆ ಅವಳು ಏನೋ ಹೇಳುತ್ತಿರುವುದು ಕಾಣುತ್ತದೆ, ಕೇಳಿಸುವುದಿಲ್ಲ.

ನಾನು ಕೊಯಮತ್ತೂರಿಗೆ ಮರಳಿದೆ. ಭಾಷಣದ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಸಂಜೆ ದೀಪ ಹಚ್ಚಿದೆ. ಅಭ್ಯಾಸಬಲದಿಂದ ಫೋನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅದು ಹೊಡೆದುಕೊಂಡಿತು, ಅಕ್ಕನ ಹೆಸರು. ಕಿವಿಗೆ ಹಿಡಿದರೆ ಉಸಿರು ಮಾತ್ರ, ಅದರ ಹಿಂದೆ ಭಾವನ ಮಗ್ಗದ ಸದ್ದು. ಅಕ್ಕಾ ಎಂದೆ. ಕರೆ ನಿಂತಿತು.

ಮತ್ತೆ ಹೊಡೆದುಕೊಂಡಿತು. ಈ ಸಲ ನಾನು ಎಂದೂ ಸ್ವೀಕರಿಸದ, ಮುಖ ತೋರಿಸುವ ಕರೆ. ಒತ್ತುವುದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ನಿಂತೇ ಹೋಗುತ್ತದೇನೋ ಎಂದು ಕಂಡಕಂಡಲ್ಲಿ ಒತ್ತಿದೆ. ಮೊದಲು ಅವಳ ಮನೆಯ ಸೂರು ಕಂಡಿತು, ಆಮೇಲೆ ಹಣೆ, ಆಮೇಲೆ ಪೂರ್ತಿ ಮುಖ. ಇಳಿದುಹೋಗಿದ್ದಳು. ಕುತ್ತಿಗೆಗೆ ಬಿಳಿಯ ಬಟ್ಟೆ. ಕಣ್ಣು ಮಾತ್ರ, ವ್ಯಾಪಾರಿ ಜಗಲಿಯಲ್ಲಿ ಕೂತಿರುವಾಗ ಹೇಗೆ ಇರುತ್ತಿತ್ತೋ ಹಾಗೆ. ತುಟಿ ಅಲುಗಿತು. ಸದ್ದಿಲ್ಲ.

"ಉಂಡ್ಯಾ ಸಾಮಿ?"

ನಾನು ಓದಿಕೊಂಡೆ. ಅಷ್ಟು ವರ್ಷಗಳ ನಂತರವೂ, ಒಂದಕ್ಷರ ತಪ್ಪದೆ. ಮುದ್ದಿಗೆ ಸಾಮಿ ಎನ್ನುವಾಗ ತುಟಿ ಕೂಡಿಕೊಂಡು ಬಿಡುವ ರೀತಿ ನಮ್ಮ ಅಮ್ಮನದು, ಅದು ಯಾವ ಪುಸ್ತಕದ ಕನ್ನಡದಲ್ಲೂ ಇಲ್ಲ. ನನಗೆ ಅಳು ಬಂತು. ಇನ್ನೂ ಇಲ್ಲ ಅಕ್ಕಾ, ದೋಸೆಹಿಟ್ಟಿದೆ, ಹುಯ್ದುಕೊಳ್ಳಬೇಕು ಎಂದೆ. ಅವಳು ನಗತೊಡಗಿದಳು. ಯಾಕೆ ನಗುತ್ತಾಳೆಂದು ತಿಳಿಯಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ತುಟಿ ಆಡಿಸಿದಳು.

"ನಿಂಗೆ ಏನ್ ಆಯ್ತು ಸಾಮಿ? ನೀನು ದನಿ ತೆಗ್ದೇ ಮಾತಾಡು. ನಿಂದು ಇದೆ ಅಲ್ವಾ."

ಆಗ ಗೊತ್ತಾಯಿತು, ನಾನೂ ಸದ್ದಿಲ್ಲದೆ ತುಟಿಯಲ್ಲೇ ಉತ್ತರ ಕೊಟ್ಟಿದ್ದೆ.

ಪೊಂಗಲ್ ಬಂತು, ಭಾನುವಾರವೂ ಬಂತು. ಚಾಲಕನಿಲ್ಲದ ಕಾರು, ಸೂರಿನ ಮೇಲಿನ ಬಿಸಿಲಿನ ಕರೆಂಟು, ಕಾಯಿಲೆಯನ್ನು ಮೊದಲೇ ಕಂಡುಹಿಡಿಯುವ ಬಳೆ ಇವನ್ನೆಲ್ಲ ಹೇಳಿದೆ. ಇವುಗಳಲ್ಲಿ ಯಾವುದು ನಿಲ್ಲುತ್ತದೆ ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ ಎಂದೆ. ಇಂಜಿನಿಯರ್ ಬಾಯಲ್ಲಿ ಆ ಮಾತು ಕೇಳಿ ಅವರಿಗೆ ನಿರಾಸೆಯಾಯಿತು, ಬೋಂಡಾ ಬಂದು ಸಭೆಯನ್ನು ಕಾಪಾಡಿತು. ನಾನು ನಗೆಯಾಡಿ ತಳ್ಳಿದ ಯಂತ್ರ ನನ್ನ ಅಕ್ಕನನ್ನು ತಂದುಕೊಟ್ಟಿತು, ನಾನು ಕುಣಿದು ಬರಮಾಡಿಕೊಂಡದ್ದು ದಿಂಬಿನ ಕೆಳಗೆ ಮಲಗಿದೆ. ಅದೂ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಜವಾಬು ಕೊಡಲು ಎದ್ದು ಬರುತ್ತದೆ, ಸುಮ್ಮನೆ ಹೇಳಬಾರದು. ಇನ್ನು ಹತ್ತು ವರ್ಷಕ್ಕೆ ಯಾವ ಯಂತ್ರ ಬರುತ್ತದೋ, ಅಷ್ಟರಲ್ಲಿ ನಾವಿಬ್ಬರೂ ಇರುತ್ತೇವೋ ಇಲ್ಲವೋ, ನನಗೆ ಕಾಣುವುದಿಲ್ಲ.

ಕಾಣುವುದು ಈ ಸಂಜೆ. ದೀಪ ಹಚ್ಚಿಯಾಯಿತು. ಕನ್ನಡಕ ಒರೆಸಿಕೊಂಡು ಕೂತಿದ್ದೇನೆ, ಅಕ್ಕನ ಮಾತು ಕೇಳಿಸಬೇಕಲ್ಲ.