ಮಾತಾಡಿಸಿ ಬರೂನು

ಮಮದಾಪುರದ ನಮ್ಮ ಬೂತ್ ಏಜೆಂಟರ ಟೋಪಿ ಬಿಳಿಯದೋ ಕಂದುಬಣ್ಣದ್ದೋ, ನನ್ನ ನೆನಪನ್ನು ನಂಬಲಾರೆ. ಅದನ್ನು ಮೊಣಕಾಲಿಗೆ ಬಡಿದು, “ನಡೀರಿ, ಮಾತಾಡಿಸಿ ಬರೂನು” ಎನ್ನುತ್ತಿದ್ದದ್ದು ಮಾತ್ರ ಖರೆ. ಪಕ್ಷ ಸೋತ ಮರುದಿನವೂ ಹಾಗೇ ಅಂದರು. ಸಾವಾದ ಮನೆಗೆ ಹೋಗುವುದಕ್ಕೂ ನಮ್ಮಲ್ಲಿ ಅದೇ ಮಾತು. ಸೋತ ಅಭ್ಯರ್ಥಿಯ ಮನೆಗಿರಬೇಕು ಅಂದುಕೊಂಡೆ. ಹೋದದ್ದು, ಪ್ರಚಾರದ ವೇಳೆ, ಆಗಲೇ ತೀರಿಕೊಂಡಿದ್ದ ಅಜ್ಜಿಯ ಹೆಸರಿಗೆ ನಾವು ಮತದಾರರ ಚೀಟಿ ಕೊಟ್ಟುಬಂದಿದ್ದ ಮನೆಗೆ.

“ಸೋತಾವ್ರು ನೀವು. ಮಾತಾಡ್ಸಾಕ ನಾವ ಬರಬೇಕಿತ್ತಲ್ರಿ, ಕಾಕಾ,” ಎಂದಳು ಸೊಸೆ.

“ತಪ್ಪ ನಮ್ದವಾ. ಅಜ್ಜಿ ಹೋಗಿದ್ದೂ ಗೊತ್ತಿಲ್ದ ಓಟ ಕೇಳಿದ್ವಿ,” ಎಂದು ಅವರು ನೆಲದ ಮೇಲೆ ಕುಳಿತರು.

ಆಮೇಲೆ ಗೆದ್ದೆವು ಎಂದರೆ ಕತೆ ಚೊಕ್ಕವಾಗುತ್ತದೆ, ಇನ್ನೂ ಗೆದ್ದಿಲ್ಲ. ಆದರೆ ಮುಂದಿನ ಚುನಾವಣೆಯಲ್ಲಿ ನಮ್ಮ ಪಕ್ಷದ ಪರವಾಗಿ ಬೂತಿನಲ್ಲಿ ಕುಳಿತವಳು ಆ ಸೊಸೆ. ಕಾಕಾ ಹೊರಗೆ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು: “ನಮ್ಮ ಏಜೆಂಟರು ಒಳಗ ಅದಾರ್ರಿ.”