ಎರಡನೇ ಹಾಸಿಗೆಯ ಕವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಾಳೆ. ಸುಳ್ಳಲ್ಲ. ಹುಮನಾಬಾದಿನ ಒಂದು ಮಕ್ಕಳ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿ ಒಂಬತ್ತು ವರ್ಷವಾಯಿತು. ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತೇನೆ, ಸಂಜೆ ಬಸ್ಸಿಗೆ ಹೋಗುತ್ತೇನೆ. ಬಸ್ಸಿನಲ್ಲೂ ಕೂತಲ್ಲಿ ಕೂರಲಾಗುವುದಿಲ್ಲ. ಸ್ಟ್ಯಾಂಡ್ ಬರುವುದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಎದ್ದು ಬಾಗಿಲ ಬಳಿ ನಿಂತಿರುತ್ತೇನೆ. ಕಂಡಕ್ಟರುಗಳಿಗೆಲ್ಲ ಇದು ಗೊತ್ತು, ನಗುತ್ತಾರೆ.

ಐಸಿಯು ಅಂದರೆ ದೊಡ್ಡದೇನಲ್ಲ, ನಾಲ್ಕು ಹಾಸಿಗೆ. ಅಲ್ಲಿ ನಾವು ಮಕ್ಕಳನ್ನು ಹೆಸರು ಹಿಡಿದು ಕರೆಯುವುದು ಕಡಿಮೆ. ಎರಡನೆಯದಕ್ಕೆ ಜ್ವರ ಇಳಿಯಿತೇ, ಮೂರನೆಯದು ಉಚ್ಚೆ ಹೊಯ್ದಿತೇ, ಹೀಗೇ ನಮ್ಮ ಮಾತು. ಕಲ್ಲು ಮನಸ್ಸಿನವರು ಅಂತಲ್ಲ. ಹೆಸರು ಹಿಡಿದು ಕರೆದ ಮಗು ಹೋದರೆ ಅವತ್ತು ಮನೆಯಲ್ಲಿ ಅನ್ನ ಇಳಿಯುವುದಿಲ್ಲ. ನಂಬರಾದರೆ ಎರಡು ತುತ್ತಾದರೂ ಇಳಿಯುತ್ತದೆ. ಈ ಅಭ್ಯಾಸವೇ ಒಂದು ದಿನ ನನ್ನ ಕುತ್ತಿಗೆಗೆ ಬಂತು.

ಒಂದೇ ಮಧ್ಯಾಹ್ನ ಎರಡು ಮಕ್ಕಳು ಬಂದವು. ನಾರಾಯಣಪುರದ ನಾಲ್ಕು ವರ್ಷದ ಹುಡುಗಿಗೆ ಮೆದುಳು ಜ್ವರ. ಘಾಟಬೋರಾಳದ ಎರಡು ವರ್ಷದ ಹುಡುಗನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಗುತ್ತಿರಲಿಲ್ಲ. ಇಬ್ಬರ ಕೊರಳಲ್ಲೂ ಇಷ್ಟಲಿಂಗದ ಬೆಳ್ಳಿ ಕರಡಿಗೆ. ನಮ್ಮ ಕಡೆ ಕೂಸು ಹುಟ್ಟಿದ ಕೆಲವೇ ದಿನಕ್ಕೆ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ, ಅದು ಸಾಯುವತನಕ ಮೈಮೇಲಿರಬೇಕು, ಮಣ್ಣಾಗುವಾಗ ಅಂಗೈಯಲ್ಲಿರಬೇಕು. ನನ್ನದು ಎಷ್ಟೋ ವರ್ಷದಿಂದ ಅವ್ವನ ದೇವರ ಜಗಲಿಯ ಮೇಲಿದೆ, ಆ ಮಾತು ಬೇರೆ. ಎಕ್ಸರೇ ತೆಗೆಯುವಾಗ ಕೊರಳಲ್ಲಿ ಬೆಳ್ಳಿ ಇರುವಂತಿಲ್ಲ. ಎರಡೂ ಬಿಚ್ಚಿದೆ, ಎರಡು ಕವರಿಗೆ ಹಾಕಿದೆ, ಮೇಲೆ ಹೆಸರು ಬರೆಯದೆ ಹಾಸಿಗೆ ನಂಬರು ಬರೆದೆ. ಹುಡುಗಿ ಎರಡು, ಹುಡುಗ ಮೂರು. ಅರ್ಧ ಗಂಟೆಯಲ್ಲಿ ಮೂರನೇ ಹಾಸಿಗೆಯ ಕಫ ಎಳೆಯುವ ಯಂತ್ರ ಕೆಟ್ಟಿತು. ಹುಡುಗಿಯನ್ನು ಮೂರಕ್ಕೆ, ಹುಡುಗನನ್ನು ಎರಡಕ್ಕೆ ಬದಲಿಸಿದೆವು. ಕವರುಗಳು ಕಪಾಟಿನಲ್ಲಿ ಇದ್ದಂತೆಯೇ ಇದ್ದವು.

ಮೂರನೇ ದಿನ ಕವರಿನ ನಂಬರು ನೋಡಿ ನನ್ನ ಕೈಯಾರೆ ಎರಡೂ ಕರಡಿಗೆಗಳನ್ನು ಆಯಾ ಹಾಸಿಗೆಯ ದಿಂಬಿನ ಪಕ್ಕ ಕಟ್ಟಿದೆ. ಕರಡಿಗೆಗಳೆರಡೂ ಒಂದೇ ಥರ, ಒಂದೇ ಬಜಾರದವು. ಮುಚ್ಚಿದ್ದರೆ ಯಾರಿಗೆ ತಿಳಿಯಬೇಕು? ಅವತ್ತಿನಿಂದ ಹುಡುಗ ಚೇತರಿಸಿಕೊಂಡ. ಅವತ್ತಿನಿಂದಲೇ ಹುಡುಗಿ ಇಳಿಯುತ್ತ ಹೋದಳು.

ಎಂಟನೇ ದಿನ ಹುಡುಗ ನಗುತ್ತ ಮನೆಗೆ ಹೋದ. ಹನ್ನೊಂದನೇ ದಿನ ಡಾಕ್ಟರು ಹುಡುಗಿಯ ಅಪ್ಪನನ್ನೂ ಅವಳ ಆಯಿಯನ್ನೂ, ಅಂದರೆ ಅಪ್ಪನ ತಾಯಿಯನ್ನು, ಕೂರಿಸಿಕೊಂಡು ಮಾತಾಡಿದರು. ಮೆದುಳು ಉಳಿದಿಲ್ಲ, ಸಂಜೆ ದಾಟುವುದು ಕಷ್ಟ. ಎದೆ ಒತ್ತುವುದು, ಮತ್ತೆ ಸೂಜಿ ಚುಚ್ಚುವುದು ಬೇಡ ಎಂದು ಮನೆಯವರು ಒಪ್ಪಿದರು. ಇಂಥ ದಿನ ನಮ್ಮ ಕೆಲಸ ಬೇರೆಯಾಗುತ್ತದೆ. ಯಂತ್ರದ ಕೂಗು ನಿಲ್ಲಿಸುತ್ತೇವೆ, ಪರದೆಯನ್ನು ಗೋಡೆಗೆ ತಿರುಗಿಸುತ್ತೇವೆ, ತಾಯಿ ಅದನ್ನೇ ನೋಡುತ್ತ ಕೂರಬಾರದೆಂದು. ಕೆನ್ನೆಗೆ ಅಂಟಿಸಿದ ಪಟ್ಟಿಯನ್ನು ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ ಬಿಡಿಸುತ್ತೇವೆ, ಚರ್ಮ ಕಿತ್ತು ಬರಬಾರದು. ತುಟಿ ಒದ್ದೆ ಮಾಡುತ್ತೇವೆ. ಹುಡುಗಿಯ ತಾಯಿ ತಲೆ ಬಾಚಿ ಎರಡು ಜಡೆ ಹೆಣೆದಳು. ಬಾಚುವಾಗ ಎಷ್ಟು ಹಟ ಮಾಡತಿದ್ದಳು, ಇವತ್ತು ಸುಮ್ಮನಿದಾಳೆ ಎಂದು ಅತ್ತಳು.

ಆಯಿ ಅಳಲಿಲ್ಲ. ದಿಂಬಿನ ಪಕ್ಕದ ಕರಡಿಗೆ ಬಿಚ್ಚಿಕೊಂಡಳು, ಲಿಂಗವನ್ನು ಮೊಮ್ಮಗಳ ಅಂಗೈಯಲ್ಲಿಡಬೇಕೆಂದು. ಮುಚ್ಚಳ ತೆಗೆದವಳೇ ನನ್ನ ಮುಖ ನೋಡಿದಳು.

"ಇದು ನಮ್ಮದಲ್ಲ ತಂಗಿ. ನಾ ನನ್ನ ಸೀರಿ ಸೆರಗಿನ ಕೆಂಪು ಅರಿವಿ ಹರದು ಸುತ್ತಿದ್ದೆ. ಇದು ಬಿಳಿದದ."

ಹಾಸಿಗೆ ಬದಲಿಸಿದ್ದು, ಕವರು, ನಂಬರು, ಎಲ್ಲ ಒಂದೇ ಸಲಕ್ಕೆ ಕಣ್ಣಮುಂದೆ ಬಂತು. ಬಾಯಿ ಮಾತ್ರ ನನಗಿಂತ ಮುಂದೆ ಓಡಿತು.

"ಕಪಾಟಿನ್ಯಾಗ ಇರಬೇಕು ಆಯಿ. ಹುಡುಕಿ ತರತೀನಿ."

"ಜಲ್ದಿ ತಾ. ಅದರ ಕೈಯಾಗ ಅದರ ಲಿಂಗನೇ ಇಟ್ಟು ಕಳಸ್ಬೇಕವ್ವ. ಮಂದಿದು ಕೊಟ್ಟು ಕಳಸಿದ್ರ, ಅದು ಹೋಗಿ ಯಾರ ಮನಿ ಬಾಗಲಾ ಬಡೀಬೇಕು?"

ಆ ಬಿಳಿ ಬಟ್ಟೆಯ ಕರಡಿಗೆಯನ್ನು ಕೊಡಿರೆಂದು ಕೈ ಚಾಚಿದೆ. ಆಯಿ ಕೊಡಲಿಲ್ಲ. ನಮ್ಮದು ಸಿಗೂತನ ಇದೇ ಇರಲಿ, ಲಿಂಗ ಇಲ್ಲದ ಮೈ ಬಿಡಬಾರದು ಎಂದು ಹುಡುಗಿಯ ತೋಳಿಗೆ ಕಟ್ಟಿದಳು. ಹೀಗೆ ನಾನು ಬರಿಗೈಯಲ್ಲಿ ಹೊರಟೆ.

ಹೊರಡುವ ಮುಂಚೆ ಜೊತೆಯ ನರ್ಸಿಗೆ ಕಾರಣವಿಲ್ಲದೆ ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ, ಅವಳು ತಿರುಗಿ ಮಾತಾಡಲಿಲ್ಲ, ನೀವು ಬರೂತನ ನಾ ಆ ಕೂಸಿನ ಹತ್ರ ಇರತೀನಿ ಎಂದಳು. ಔಷಧಿ ಅಂಗಡಿಯವನ ಸ್ಕೂಟಿ ಕೇಳಿ ಘಾಟಬೋರಾಳದ ದಾರಿ ಹಿಡಿದೆ. ಬಿಸಿಲು, ಧೂಳು, ಕಬ್ಬಿನ ಟ್ರ್ಯಾಕ್ಟರು ಮುಂದೆ ಹೋಗಗೊಡುವುದಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಬರೆಯಲು ಎಷ್ಟು ಹೊತ್ತು ಬೇಕಿತ್ತು ಒಂದು ಹೆಸರು? ಎರಡು ನಿಮಿಷಕ್ಕೊಮ್ಮೆ ಫೋನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಫೋನು ಬಂದರೆ ಎಲ್ಲ ಮುಗಿಯಿತೆಂದೇ ಅರ್ಥ.

ಮನೆಯಲ್ಲಿ ಹುಡುಗ ಮತ್ತು ಅವನ ತಾಯಿ ಇಬ್ಬರೇ. ಉಳಿದವರು ಹೊಲಕ್ಕೆ ಹೋಗಿದ್ದರು. ಹುಡುಗ ಅಂಗಳದಲ್ಲಿ ಬರಿ ಅಂಗಿಯ ಮೇಲೆ ಕೋಳಿ ಬೆನ್ನಟ್ಟಿ ಓಡುತ್ತಿದ್ದ, ಕೊರಳಲ್ಲಿ ಕರಡಿಗೆ ಕುಣಿಯುತ್ತಿತ್ತು. ನನ್ನನ್ನು ಕಂಡದ್ದೇ ತಾಯಿ ಅವನನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಕರಡಿಗೆಯ ಮೇಲೆ ಕೈಯಿಟ್ಟಳು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ.

"ನಮ್ಮದಲ್ಲಂತ ನನಗ ಮಾಲೂಮ್ ಅದರಿ ಸಿಸ್ಟರ್. ಮನಿಗಿ ಬಂದ ಮರುದಿನ ಪೂಜಿ ಮಾಡಾಕ ತಗದಾಗ ನೋಡೀನಿ. ಕೆಂಪು ಅರಿವಿ ಇತ್ತು."

"ಮತ್ತ ಫೋನ್ ಯಾಕ ಮಾಡಲಿಲ್ಲ?"

"ಇದು ಕಟ್ಟಿದ ದಿನದಿಂದ ನನ್ನ ಮಗ ಕಣ್ಣು ತಗದಾನ. ನಾ ಕೊಡಂಗಿಲ್ರಿ. ಏನ ಮಾಡ್ತೀರಿ ಮಾಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಮಂದಿಯ ಲಿಂಗ ಇಟ್ಟುಕೊಂಡು ಪೂಜೆ ಮಾಡೋದು ಯಾವ ಭಕ್ತಿ, ಗೊತ್ತಿದ್ದೂ ಮುಚ್ಚಿಟ್ಟಿಯಲ್ಲ ಎಂದು ಒದರಿದೆ. ಅವಳೂ ಒದರಿದಳು, ಅದಲಿ ಬದಲಿ ಮಾಡಿದಾಕಿ ನೀ, ನಾ ಏನ್ ಕಳವು ಮಾಡೀನೇನ ಎಂದು. ಖರೇ ಮಾತು. ಹುಡುಗ ಹೆದರಿ ಅಳತೊಡಗಿದ. ಅವನನ್ನು ಸಮಾಧಾನ ಮಾಡುತ್ತಲೇ ಅವಳು ಕೇಳಿದಳು.

"ಆ ಕೂಸು ಹ್ಯಾಂಗದ?"

ಹೇಳಲು ಹೋದೆ. ಒಂಬತ್ತು ವರ್ಷದಲ್ಲಿ ಎಷ್ಟು ತಾಯಂದಿರಿಗೆ ಎಷ್ಟು ಸಲ ಹೇಳಿದ ಮಾತು, ಅವತ್ತು ಬರಲಿಲ್ಲ. ಅವಳಿಗೆ ತಿಳಿಯಿತು. ಹೊಸ್ತಿಲ ಮೇಲೆ ಕುಸಿದು ಕೂತಳು.

"ಎಂಟು ದಿನ ಒಂದೇ ಚಾಪಿ ಮ್ಯಾಲ ಮಲ್ಕೊಂಡೀವ್ರಿ ನಾನೂ ಆ ಕೂಸಿನ ಅವ್ವನೂ. ಆಕಿ ಮನಿ ರೊಟ್ಟಿ ನಾ ತಿಂದೀನಿ."

ಕೂತಲ್ಲೇ ಮಗನ ಕೊರಳಿನ ದಾರ ಬಿಚ್ಚಿದಳು. ಕರಡಿಗೆಯನ್ನು ನನ್ನ ಅಂಗೈಗೆ ಹಾಕಿ ಕೇಳಿದಳು, "ನಮ್ಮದು ಎಲ್ಲದರಿ?"

"ಆಸ್ಪತ್ರ್ಯಾಗ ಅದ. ತಂದು ಕೊಡ್ತೀನಿ."

"ಇವತ್ತ ತರ್ರಿ. ಇವನಿಗೆ ಏನರ ಆದ್ರ ನಾ ಬದುಕಂಗಿಲ್ಲ."

ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ನನಗೆ ನಿಜವಾದ ಭಯ ಹತ್ತಿತು. ಲಿಂಗ ಸಿಕ್ಕಿತು, ಸರಿ. ಎಲ್ಲಿತ್ತು ಎಂದು ಹುಡುಗಿಯ ತಾಯಿ ಕೇಳಿದರೆ? ನಿನ್ನ ಮಗಳ ಲಿಂಗ ಬದುಕಿದ ಹುಡುಗನ ಬಳಿ ಇತ್ತು, ಅವನದು ನಿನ್ನ ಮಗಳ ಬಳಿ ಇತ್ತು ಎಂದರೆ, ಅವಳು ಕೇಳುವ ಮುಂದಿನ ಪ್ರಶ್ನೆ ನನಗೆ ಗೊತ್ತಿತ್ತು. ಅದು ನನ್ನ ಮಗಳ ಮೈಮೇಲೇ ಇದ್ದಿದ್ದರೆ? ಇಲ್ಲಮ್ಮ, ಜ್ವರ ಮೊದಲ ದಿನವೇ ಮೆದುಳು ತಿಂದಿತ್ತು ಎಂದು ನಾನು ಹೇಳಬಹುದು. ಡಾಕ್ಟರೂ ಹೇಳಬಹುದು. ಅವಳು ತಲೆಯಾಡಿಸಬಹುದು. ಆದರೆ ಆ ಪ್ರಶ್ನೆ ಅವಳ ಜೊತೆ ನಾರಾಯಣಪುರಕ್ಕೆ ಹೋಗಿ, ಅವಳ ಜೊತೆ ಉಂಡು, ಮಲಗಿ, ಅವಳು ಸಾಯುವತನಕ ಇರುತ್ತದೆ. ನಾನು ಎದುರಿಗೆ ಹೇಳುವವಳು, ಮುಖ ಮುರಿದು ಹೇಳುವವಳು ಎಂದು ಎಲ್ಲರಿಗೂ ಗೊತ್ತು. ಅವತ್ತು ಆ ಸ್ಕೂಟಿಯ ಮೇಲೆ ಏನು ಹೇಳಬೇಕೋ ತಿಳಿಯದೆ ಒದ್ದಾಡಿಬಿಟ್ಟೆ.

ಬಂದಾಗ ಹುಡುಗಿ ಇದ್ದಳು. ಉಸಿರಿನ ಕೊಳವೆಯೊಂದಿಗೇ ತಾಯಿಯ ತೊಡೆಯ ಮೇಲೆ ಮಲಗಿಸಿದ್ದರು. ಕೈಕಾಲು ಆಗಲೇ ತಣ್ಣಗಿದ್ದವು. ಕರಡಿಗೆಯನ್ನು ಆಯಿಯ ಕೈಗೆ ಕೊಟ್ಟೆ. ಅವಳು ತೆರೆದಳು, ಕೆಂಪು ಬಟ್ಟೆ ಬಿಚ್ಚಿದಳು, ಒಂದು ಗಳಿಗೆ ಹಾಗೇ ನೋಡಿದಳು, ಮುಚ್ಚಳವನ್ನು ಬೇಗ ಸೆರಗಿನೊಳಗೆ ಇಟ್ಟುಕೊಂಡಳು. ಮೊಮ್ಮಗಳ ತೋಳಿನ ಕರಡಿಗೆ ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು, ಅವಳ ಅಂಗೈಯಲ್ಲಿ ಅವಳ ಲಿಂಗ ಇಟ್ಟು ಬೆರಳು ಮಡಿಚಿದಳು.

ತಾಯಿ ನನ್ನ ಕಡೆ ತಿರುಗಿದಳು. "ಎಲ್ಲಿತ್ತರಿ?"

"ಕಪಾಟಿನ್ಯಾಗ," ಎಂದೆ. "ಕೆಳಗಿನ ಖಾನ್ಯಾಗ. ಇಲ್ಲೇ ಇತ್ತು, ಆಕಿ ಹತ್ರನೇ."

"ಹಂಗಾರ ಆಕಿ ಹತ್ರನೇ ಇತ್ತು," ಎಂದಳು ತಾಯಿ, ಮಗಳ ಮುಖ ನೋಡುತ್ತ. ಆಮೇಲೆ ಅದನ್ನೇ ಮಗಳಿಗೂ ಹೇಳಿದಳು, ನಿನ್ನ ಹತ್ರನೇ ಇತ್ತಂತವ್ವ ಎಂದು. ನಾಲ್ಕು ಗಂಟೆಯ ಹೊತ್ತಿಗೆ ಹುಡುಗಿಯ ಎದೆಬಡಿತ ನಿಂತಿತು. ಡಾಕ್ಟರು ನೋಡಿ ತಲೆಯಾಡಿಸಿದ ಮೇಲೆ ನಾನು ಕೊಳವೆ ತೆಗೆದೆ, ಬಾಯಿ ಒರೆಸಿದೆ. ತಾಯಿ ಹನ್ನೊಂದು ದಿನದಲ್ಲಿ ಮೊದಲ ಸಲ ಮಗಳ ಪೂರ್ತಿ ಮುಖ ಕಂಡಳು.

ಅಪ್ಪ ಗಾಡಿ ತರಲು ಹೋಗಿದ್ದ. ಆಯಿ ನನ್ನನ್ನು ಹೊರಗೆ ಕರೆದಳು. ಕುಡಿಯುವ ನೀರಿನ ನಲ್ಲಿಯ ಪಕ್ಕ ನಿಂತು ಸೆರಗಿನಿಂದ ಆ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಒಂದು ದಾಸವಾಳದ ಎಸಳು ಅಂಟಿಕೊಂಡಿತ್ತು, ಇನ್ನೂ ಹಸಿ.

"ನಿಮ್ಮ ಕಪಾಟಿನ್ಯಾಗ ಪೂಜಿ ಯಾರು ಮಾಡ್ತಾರ ತಂಗಿ?"

ನಾನು ತಲೆ ತಗ್ಗಿಸಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಆರಾಮಾಗುತ್ತಿತ್ತು.

"ಘಾಟಬೋರಾಳದ ಹುಡುಗನ ಕೊಳ್ಳಾಗ ಇತ್ತೇನ?"

"ಹೌದ್ರಿ ಆಯಿ. ನನ್ನ ತಪ್ಪು."

ಅವಳು ಮುಚ್ಚಳದ ಎಸಳನ್ನು ಬೆರಳಿನಿಂದ ಬಿಡಿಸಿದಳು. ಆಮೇಲೆ, "ಆಡಾಕತ್ತಾನೇನ?" ಎಂದಳು.

"ಕೋಳಿ ಹಿಂದ ಓಡ್ಯಾಡಾಕತ್ತಾನ್ರಿ."

"ಆಡಲಿ." ಈಗ ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಬಾಗಿಲ ಕಡೆ ನೋಡಿದಳು. "ನನ್ನ ಸೊಸಿಗಿ ಮಾತ್ರ ತಿಳೀಬಾರದು. ತಿಳದ್ರ ಜೀವಮಾನ ಅದನ್ನೇ ಹಚ್ಕೊಂಡು ಕೂಡ್ತಾಳ."

ಸೊಂಟದಿಂದ ಹುಡುಗನ ಕರಡಿಗೆ ತೆಗೆದಳು. ನಲ್ಲಿಯ ನೀರಲ್ಲಿ ತೊಳೆದು, ತನ್ನ ಸೆರಗಿನಿಂದ ಒರೆಸಿ ನನ್ನ ಕೈಯಲ್ಲಿಟ್ಟಳು.

"ಇದನ್ನ ಇವತ್ತ ಮುಟ್ಟಸು, ಆ ತಾಯಿ ದಾರಿ ನೋಡಾಕತ್ತಿರತಾಳ. ನಮ್ಮ ಕೂಸಿನ ಮೈಮ್ಯಾಲ ಇತ್ತಂತ ಹೇಳಬ್ಯಾಡ, ಅಂಜತಾಳ. ಕಪಾಟಿನ್ಯಾಗ ಇತ್ತಂತ ಹೇಳು. ಹ್ಯಾಂಗೂ ನಿನಗ ರೂಢಿ ಆಗ್ಯದ."

ಮತ್ತೆ ಅದೇ ಸ್ಕೂಟಿ ಕೇಳಿಕೊಂಡು ಹೋದೆ. ನಾನು ಮುಟ್ಟಿದಾಗ ಆ ತಾಯಿ ಮಗನನ್ನು ಎತ್ತಿಕೊಂಡು ಅಂಗಳದ ಬಾಗಿಲಲ್ಲೇ ನಿಂತಿದ್ದಳು. ಕರಡಿಗೆ ಕಣ್ಣಿಗೊತ್ತಿಕೊಂಡು ಅವನ ಕೊರಳಿಗೆ ಕಟ್ಟಿದಳು. ಆಮೇಲೆ ನನ್ನ ಮುಖ ನೋಡಿ, ಇಷ್ಟು ದಿನ ಎಲ್ಲಿತ್ತರಿ ಎಂದು ಕೇಳಿದಳು.

ಕಪಾಟಿನ್ಯಾಗ, ಎಂದೆ.